10×20 ಅಡಿ ಹಿತ್ತಿಲಲ್ಲಿ ಅಡುಗೆಮನೆ ತೋಟ: ನೀರು ಮೊದಲು, ಸಸಿ ಕೊನೆಗೆ

ಹೆಚ್ಚಿನ ಮನೆತೋಟಗಳು ಹಾಳಾಗುವುದು ನರ್ಸರಿಗೆ ಹೋದ ಮೊದಲ ಭಾನುವಾರವೇ. ಡಿಕ್ಕಿ ತುಂಬ ನಿಂಬೆ, ಸೀಬೆ, ದಾಳಿಂಬೆ ಬರುತ್ತವೆ, ಆಸೆಗೆ ಒಂದು ಮಾವೂ ಬರುತ್ತದೆ. ಸಂಜೆಯೊಳಗೆ ಗುಂಡಿ ತೋಡಿ ನೆಟ್ಟೂ ಆಗಿರುತ್ತದೆ. ಮೂರನೇ ವರ್ಷಕ್ಕೆ ಮಾವು ಪಕ್ಕದ ಮನೆಯ ಕಿಟಕಿ ಮುಟ್ಟುತ್ತದೆ, ನಿಂಬೆಮುಳ್ಳಿಗೆ ಹೆದರಿ ಬಟ್ಟೆ ಒಣಹಾಕಲು ಯಾರೂ ಆ ಕಡೆ ಹೋಗುವುದಿಲ್ಲ, ಕೆಳಗೆ ಕೊತ್ತಂಬರಿಯೂ ಏಳದಷ್ಟು ನೆರಳು. ತಪ್ಪು ಗಿಡದ್ದಲ್ಲ. ಕೊನೆಗೆ ಮಾಡಬೇಕಾದ ಕೆಲಸವನ್ನು ಮೊದಲು ಮಾಡಿದ್ದರಿಂದ ಹೀಗಾಯಿತು.

ನೀರು, ಮಣ್ಣು, ಗಿಡ ಒಂದಕ್ಕೊಂದು ಆಸರೆಯಾಗುವಂತೆ ಮೊದಲೇ ಯೋಚಿಸಿ ಜೋಡಿಸುವ ಕ್ರಮಕ್ಕೆ ಪರ್ಮಾಕಲ್ಚರ್ ಎನ್ನುತ್ತಾರೆ. ಆ ಮಾತನ್ನು 1970ರ ದಶಕದಲ್ಲಿ ಹುಟ್ಟುಹಾಕಿದವರು ಆಸ್ಟ್ರೇಲಿಯದ ಟ್ಯಾಸ್ಮೇನಿಯಾದಲ್ಲಿದ್ದ ಬಿಲ್ ಮಾಲಿಸನ್ ಮತ್ತು ಡೇವಿಡ್ ಹೋಮ್‌ಗ್ರೆನ್. ಮಾತು ಹೊಸದು, ಕೆಲಸ ನಮಗೆ ಹೊಸದಲ್ಲ. ಅಡಕೆಯ ಮೈಗೆ ಮೆಣಸಿನ ಬಳ್ಳಿ, ನಡುವೆ ಬಾಳೆ, ಬುಡದಲ್ಲಿ ಏಲಕ್ಕಿ, ಮೇಲಿನ ಸೊಪ್ಪಿನ ಬೆಟ್ಟದಿಂದ ಹೊದಿಕೆಗೆ ಸೊಪ್ಪು, ಬದಿಯಲ್ಲಿ ನೀರಿಗೆ ಕಾಲುವೆ: ಮಲೆನಾಡಿನ ತೋಟ ನೋಡಿದವರಿಗೆ ಇದಕ್ಕಿಂತ ಹೆಚ್ಚು ವಿವರಣೆ ಬೇಕಿಲ್ಲ. ಅದೇ ಲೆಕ್ಕಾಚಾರವನ್ನು 200 ಚದರಡಿಗೆ ಇಳಿಸುವುದು ಇಲ್ಲಿಯ ಕೆಲಸ.

ಮಾದರಿಗೆ ಒಂದು ಹಿತ್ತಿಲು ಹಿಡಿದುಕೊಳ್ಳೋಣ. ಬೆಂಗಳೂರು, ಮೈಸೂರು, ತುಮಕೂರು ಕಡೆಯ ಉತ್ತರ ಬಾಗಿಲ ಮನೆ, ಹಿಂದೆ ದಕ್ಷಿಣಕ್ಕೆ ಖಾಲಿ ಜಾಗ. ಪೂರ್ವ–ಪಶ್ಚಿಮ 20 ಅಡಿ, ಉತ್ತರ–ದಕ್ಷಿಣ 10 ಅಡಿ. ದಕ್ಷಿಣದಲ್ಲಿ 5 ಅಡಿ ಎತ್ತರದ ಕಾಂಪೌಂಡು, ಅದರಾಚೆ ಕನ್ಸರ್ವೆನ್ಸಿ ಗಲ್ಲಿ. ವಾಸ್ತು ಹಿಡಿದು ಕಟ್ಟಿದ ಮನೆಯಾದರೆ ಅಡುಗೆಮನೆ ಆಗ್ನೇಯದಲ್ಲಿರುತ್ತದೆ, ಅಂದರೆ ಹಿತ್ತಿಲ ಬಾಗಿಲು ಪೂರ್ವದ ತುದಿಗೆ ಬರುತ್ತದೆ. ನಿಮ್ಮ ಜಾಗ ಬೇರೆ ದಿಕ್ಕಿಗಿದ್ದರೆ ನಕ್ಷೆ ಬದಲಾಗುತ್ತದೆ, ಕೆಲಸದ ಕ್ರಮ ಬದಲಾಗುವುದಿಲ್ಲ.

ಮೊದಲು ಬಿಸಿಲಿನ ಲೆಕ್ಕ

ಒಂದು ಹಾಳೆಯಲ್ಲಿ ಜಾಗದ ನಕ್ಷೆ ಬರೆಯಿರಿ, 1 ಅಡಿಗೆ 1 ಸೆಂಟಿಮೀಟರ್. ಬೆಳಗ್ಗೆ 9, ಮಧ್ಯಾಹ್ನ 12, ಸಂಜೆ 4 ಗಂಟೆಗೆ ನೆರಳಿನ ಗೆರೆ ಎಲ್ಲಿದೆ ಎಂದು ಗುರುತು ಹಾಕಿ. ಒಂದು ದಿನದ ಗುರುತು ಸಾಲದು, ಏಕೆಂದರೆ ನಮ್ಮ ಅಕ್ಷಾಂಶದಲ್ಲಿ ಸೂರ್ಯ ವರ್ಷಕ್ಕೆರಡು ಸಲ ನೆತ್ತಿಯ ಮೇಲೆ ಹಾಯುತ್ತಾನೆ. ಬೆಂಗಳೂರಿನಲ್ಲಿ ಅದು ಏಪ್ರಿಲ್ ಕೊನೆಯ ವಾರ ಮತ್ತು ಆಗಸ್ಟ್ ನಡುವೆ, ಶೂನ್ಯ ನೆರಳಿನ ದಿನ ಎಂದು ಶಾಲೆ ಮಕ್ಕಳು ಕೋಲು ನೆಟ್ಟು ನೋಡುವ ದಿನ. ಆ ಎರಡರ ನಡುವಿನ ತಿಂಗಳುಗಳಲ್ಲಿ ಮಧ್ಯಾಹ್ನದ ನೆರಳು ದಕ್ಷಿಣಕ್ಕೆ ಸ್ವಲ್ಪವೇ ಬೀಳುತ್ತದೆ. ಉಳಿದ ಕಾಲವೆಲ್ಲ ಉತ್ತರಕ್ಕೆ.

ಡಿಸೆಂಬರ್ 22ರ ಮಧ್ಯಾಹ್ನ ಗೋಡೆಯ ಎತ್ತರದ ಮುಕ್ಕಾಲು ಪಾಲಿನಷ್ಟು ನೆರಳು ಉತ್ತರಕ್ಕೆ ಚಾಚುತ್ತದೆ. ನಮ್ಮ 5 ಅಡಿ ಕಾಂಪೌಂಡಿನ ನೆರಳು ಸುಮಾರು 3.7 ಅಡಿ. ಅಂದರೆ ಕಾಂಪೌಂಡಿಗೆ ಅಂಟಿದ ನೆಲ ಚಳಿಗಾಲದಲ್ಲಿ ನೆರಳು, ಗೋಡೆಯ ಮೇಲ್ತುದಿ ಮಾತ್ರ ಬಿಸಿಲು. ಈ ಒಂದು ಅಂಕಿಯೇ ಆ ಸಾಲಿನಲ್ಲಿ ಏನು ನೆಡಬೇಕೆಂದು ಹೇಳಿಬಿಡುತ್ತದೆ: ಮೇಲೆ ಬಳ್ಳಿ, ಬುಡದಲ್ಲಿ ಅರಿಶಿನ, ಶುಂಠಿ, ಒಂದೆಲಗ.

ಇದೇ ಹಿತ್ತಿಲು ಎರಡಂತಸ್ತಿನ ಮನೆಯ ಉತ್ತರಕ್ಕಿದ್ದಿದ್ದರೆ? 22 ಅಡಿಯ ಮನೆ ಡಿಸೆಂಬರಿನಲ್ಲಿ 16 ಅಡಿ ನೆರಳು ಚೆಲ್ಲುತ್ತದೆ. 10 ಅಡಿ ಜಾಗಕ್ಕೆ ಅಕ್ಟೋಬರ್ ಕೊನೆಯಿಂದ ಫೆಬ್ರವರಿ ನಡುವಿನವರೆಗೆ ಮಧ್ಯಾಹ್ನದ ಬಿಸಿಲೇ ಇಲ್ಲ. ಅಲ್ಲಿ ಟೊಮೆಟೊ ನೆಟ್ಟು ಹೂ ಉದುರಿತೆಂದು ಔಷಧಿ ಹೊಡೆಯುವವರಿದ್ದಾರೆ. ಟೊಮೆಟೊ, ಬದನೆ, ಮೆಣಸಿನಕಾಯಿ, ಬೆಂಡೆಗೆ ದಿನಕ್ಕೆ 6 ಗಂಟೆ ನೇರ ಬಿಸಿಲು ಬೇಕು. ಹರಿವೆ, ಪಾಲಕ್, ಮೆಂತ್ಯ, ಬಸಳೆ 4 ಗಂಟೆಯಲ್ಲೂ ಬದುಕುತ್ತವೆ. ಪುದೀನ, ಕೆಸು, ಒಂದೆಲಗ, ಚಕ್ರಮುನಿಗೆ ಅದಕ್ಕೂ ಕಡಿಮೆ ಸಾಕು. ಉತ್ತರದ ಹಿತ್ತಿಲಿದ್ದವರು ಸೊಪ್ಪು–ಗೆಡ್ಡೆಯ ತೋಟ ಮಾಡಿ, ಕಾಯಿಯ ಆಸೆ ಬಿಡಿ.

ನೀರು ಎಲ್ಲಿಂದ ಬರುತ್ತದೆ, ಎಲ್ಲಿ ನಿಲ್ಲುತ್ತದೆ

ಗುದ್ದಲಿ ಹಿಡಿಯುವ ಮೊದಲು ಒಂದು ಪರೀಕ್ಷೆ. 1 ಅಡಿ ಆಳ, 1 ಅಡಿ ಅಗಲದ ಗುಂಡಿ ತೋಡಿ ನೀರು ತುಂಬಿ. ಪೂರ್ತಿ ಇಂಗಿದ ಮೇಲೆ ಮತ್ತೆ ತುಂಬಿ, ಈ ಸಲ ಗಡಿಯಾರ ನೋಡಿ. ಗಂಟೆಗೆ 1ರಿಂದ 3 ಅಂಗುಲ ಇಳಿದರೆ ಒಳ್ಳೆಯದು. 1 ಅಂಗುಲಕ್ಕಿಂತ ಕಡಿಮೆ ಇಳಿದರೆ ಮನೆ ಕಟ್ಟುವಾಗ ಲಾರಿ ಓಡಾಡಿ ನೆಲ ಗಟ್ಟಿಯಾಗಿದೆ, ಇಲ್ಲವೇ ಜಿಗುಟು ಮಣ್ಣು. ಅಂಥಲ್ಲಿ ಮಡಿಗಳನ್ನು 8–10 ಅಂಗುಲ ಎತ್ತರಿಸಬೇಕು, ಮುಂದೆ ಹೇಳುವ ಬಾಳೆಗುಂಡಿಯ ಯೋಚನೆ ಬಿಡಬೇಕು.

ನೀರಿನ ಮೂಲ ಎರಡು. ಒಂದು ಮಳೆ. 1 ಮಿಲಿಮೀಟರ್ ಮಳೆ 1 ಚದರ ಮೀಟರ್ ಮೇಲೆ ಬಿದ್ದರೆ 1 ಲೀಟರ್. ಹಿತ್ತಿಲ ಕಡೆಗೆ ಇಳಿಜಾರಿರುವ ತಾರಸಿ 500 ಚದರಡಿ ಇದ್ದರೆ, 10 ಮಿ.ಮೀ. ಮಳೆಗೆ ಆವಿ, ಸೋರಿಕೆ ಕಳೆದು 370 ಲೀಟರ್ ಕೈಗೆ ಸಿಗುತ್ತದೆ. 200 ಲೀಟರಿನ ಡ್ರಮ್ಮು ಅರ್ಧ ಗಂಟೆಯಲ್ಲಿ ತುಂಬಿ ಹರಿಯುತ್ತದೆ. ಹಾಗಾಗಿ ಡ್ರಮ್ಮಿಗಿಂತ ಅದರ ತುಂಬಿ ಹರಿಯುವ ನೀರಿಗೆ ದಾರಿ ಮಾಡುವುದೇ ಮುಖ್ಯ. ಎರಡು ಮಡಿಗಳ ನಡುವಿನ ಕಾಲುದಾರಿಯನ್ನು 6 ಅಂಗುಲ ಆಳಕ್ಕೆ ತೋಡಿ, ಎಳನೀರು ಬುರುಡೆಯ ಚೂರು, ಮರದ ಚಕ್ಕೆ ತುಂಬಿ, ಡ್ರಮ್ಮಿನ ಹೊರಪೈಪನ್ನು ಅಲ್ಲಿಗೆ ಬಿಡಿ. 12 ಅಡಿ ಉದ್ದ, ಒಂದೂವರೆ ಅಡಿ ಅಗಲದ ದಾರಿ ಒಂದು ಸಲಕ್ಕೆ 100 ಲೀಟರಿಗೂ ಹೆಚ್ಚು ಹಿಡಿಯುತ್ತದೆ, ಎರಡೂ ಬದಿಯ ಬೇರಿಗೆ ನಿಧಾನ ಉಣಿಸುತ್ತದೆ. ಮಳೆ ಶುರುವಾದ ಮೊದಲ ಹತ್ತು ನಿಮಿಷದ ನೀರು ಡ್ರಮ್ಮಿಗೆ ಬೇಡ, ಅದರಲ್ಲಿ ತಾರಸಿಯ ಧೂಳು, ಪಾರಿವಾಳದ ಹಿಕ್ಕೆ ಇರುತ್ತದೆ. ಡ್ರಮ್ಮಿನ ಬಾಯಿಗೆ ಸೊಳ್ಳೆ ಪರದೆಯ ಬಟ್ಟೆ ಕಟ್ಟಿ. ಡೆಂಗಿ ಸೊಳ್ಳೆಗೆ ಒಂದು ವಾರ ನಿಂತ ಸ್ವಚ್ಛ ನೀರು ಸಾಕು.

ಎರಡನೆಯದು ಪಾತ್ರೆ ತೊಳೆದ ನೀರು. ನಾಲ್ಕು ಜನರ ಮನೆಯಲ್ಲಿ ದಿನಕ್ಕೆ 40–60 ಲೀಟರ್ ಎಂದಿಟ್ಟುಕೊಳ್ಳಿ. ಇದಕ್ಕೇ ಬಾಳೆಗುಂಡಿ.

ಹಿತ್ತಿಲ ಪಶ್ಚಿಮದ ತುದಿಯ 5 ಅಡಿಯನ್ನು ಇದಕ್ಕೆ ಬಿಟ್ಟುಕೊಡಿ. ಗುಂಡಿಯ ನಡು ಮನೆಯ ಗೋಡೆಯಿಂದ 7 ಅಡಿ, ಕಾಂಪೌಂಡಿನಿಂದ 3 ಅಡಿ ದೂರ ಇರಲಿ. ಸಂಪು ಹತ್ತಿರದಲ್ಲಿದ್ದರೆ 10 ಅಡಿಯಾದರೂ ಅಂತರ ಬೇಕು, ಇಲ್ಲದಿದ್ದರೆ ಗುಂಡಿಯನ್ನೇ ಕೈಬಿಡಿ. 3 ಅಡಿ ಅಗಲ, 2 ಅಡಿ ಆಳದ ತಟ್ಟೆಯಾಕಾರದ ಗುಂಡಿ. ತೆಗೆದ ಮಣ್ಣನ್ನು ಸುತ್ತ 1 ಅಡಿ ಎತ್ತರದ ಏರಿಯಾಗಿ ಹಾಕಿ ತುಳಿಯಿರಿ. ತಳದಲ್ಲಿ ಎಳನೀರು ಬುರುಡೆ, ಅದರ ಮೇಲೆ ಹೆಬ್ಬೆರಳು ದಪ್ಪದ ಕಡ್ಡಿಕೊಂಬೆ, ಆಮೇಲೆ ತರಗೆಲೆ, ಕಬ್ಬಿನ ಸಿಪ್ಪೆ, ಏರಿಯ ಮಟ್ಟಕ್ಕಿಂತ ಒಂದು ಗೇಣು ಮೇಲೆ ಬರುವ ತನಕ ಗುಡ್ಡೆ ಹಾಕಿ. ಒಂದೇ ತಿಂಗಳಲ್ಲಿ ಕುಸಿಯುತ್ತದೆ, ಮತ್ತೆ ತುಂಬುತ್ತಿರಬೇಕು.

ಸಿಂಕಿನಿಂದ 2 ಅಂಗುಲದ ಪೈಪು, ಪ್ರತಿ 4 ಅಡಿಗೆ 1 ಅಂಗುಲ ಇಳಿಜಾರು. ಪೈಪಿನ ತುದಿ ಗುಂಡಿಯ ನಡುವಿಗೆ ಬರಲಿ, ಹೊದಿಕೆಯ ಒಳಗೆ ಮುಳುಗಿರಲಿ, ನೀರು ಕಣ್ಣಿಗೆ ಕಾಣಬಾರದು. ನೀರಿನ ಮೈ ಕಂಡರೆ ಸೊಳ್ಳೆ ಗ್ಯಾರಂಟಿ. ಪೈಪಿನ ಆರಂಭದಲ್ಲಿ ಒಂದು ಬಕೆಟ್ಟಿಗೆ ತೂತು ಮಾಡಿ ತೆಂಗಿನ ನಾರು ತುಂಬಿಟ್ಟರೆ ಅನ್ನದಗುಳು, ಜಿಡ್ಡು ಅಲ್ಲೇ ನಿಲ್ಲುತ್ತದೆ. ನಾರನ್ನು ವಾರಕ್ಕೊಮ್ಮೆ ಬದಲಿಸಿ. ಈ ಒಂದು ಕೆಲಸಕ್ಕೆ ಸೋಮಾರಿತನ ಮಾಡಿದ ಮನೆಗಳಲ್ಲಿ ಮೂರು ತಿಂಗಳಲ್ಲಿ ಪೈಪು ಕಟ್ಟಿಕೊಂಡು, ಇಡೀ ಯೋಜನೆಗೇ ಮನೆಯವರು ಶಾಪ ಹಾಕುತ್ತಾರೆ. ಬಟ್ಟೆ ತೊಳೆದ ಪೌಡರ್ ನೀರು, ಬ್ಲೀಚಿಂಗ್, ಫಿನಾಯಿಲ್ ಇದಕ್ಕೆ ಬೇಡ. ಪೌಡರಿನ ಸೋಡಿಯಂ ಮಣ್ಣನ್ನು ಕಟ್ಟಿಹಾಕುತ್ತದೆ. ಪೈಪಿಗೆ ಎರಡು ದಾರಿಯ ವಾಲ್ವ್ ಹಾಕಿಸಿದರೆ, ಜಡಿಮಳೆಯ ದಿನ ನೀರನ್ನು ಚರಂಡಿಗೆ ತಿರುಗಿಸಬಹುದು.

ಏರಿಯ ಮೇಲೆ ಏಲಕ್ಕಿ ಬಾಳೆಯ ಎರಡು ಕಂದು, ನಡುವೆ ಕೆಸು. ಕಂದು ಆರಿಸುವಾಗ ಕತ್ತಿಯಂಥ ಸಪೂರ ಎಲೆಯದನ್ನು ತೆಗೆದುಕೊಳ್ಳಿ. ಅಗಲ ಎಲೆ ಬಿಟ್ಟು ಮುದ್ದಾಗಿ ಕಾಣುವ ಕಂದಿಗೆ ತಾಯಿಗೆಡ್ಡೆಯ ಬಲ ಇರುವುದಿಲ್ಲ. ಏಲಕ್ಕಿ ಬಾಳೆಗೆ ಪನಾಮ ಸೊರಗು ರೋಗ ಬೇಗ ತಗಲುತ್ತದೆ, ಹಳೆ ಎಲೆಗಳು ಅಂಚಿನಿಂದ ಹಳದಿಯಾಗಿ ಕಾಂಡದ ಸುತ್ತ ಜೋತುಬಿದ್ದ ತೋಟದಿಂದ ಕಂದು ತರಬೇಡಿ. ರೋಗ ಮಣ್ಣಿನಲ್ಲಿ ವರ್ಷಗಟ್ಟಲೆ ಉಳಿಯುತ್ತದೆ.

ಮಣ್ಣು

ಹೊಸ ಬಡಾವಣೆಯ ಹಿತ್ತಿಲಿನಲ್ಲಿ ಮಣ್ಣಿಗಿಂತ ಕಟ್ಟಡದ ಕಸವೇ ಹೆಚ್ಚು. 1 ಅಡಿ ಆಳದವರೆಗೆ ಕೆದಕಿ ಸಿಮೆಂಟ್ ಗಟ್ಟಿ, ಗಾರೆ, ಟೈಲ್ಸ್ ಚೂರು ಆರಿಸಿ ತೆಗೆಯಿರಿ. ಸುಣ್ಣ, ಸಿಮೆಂಟು ಉಳಿದರೆ ಮಣ್ಣು ಕ್ಷಾರವಾಗಿ ಗಿಡಕ್ಕೆ ಕಬ್ಬಿಣ ಸಿಗುವುದಿಲ್ಲ. ಎಳೆಯ ಎಲೆ ಹಳದಿ, ನರ ಮಾತ್ರ ಹಸಿರು ಎಂದು ಕಂಡರೆ ಇದೇ ಕಾರಣ ಇರಬಹುದು, ಗೊಬ್ಬರ ಎಷ್ಟು ಸುರಿದರೂ ಸರಿಹೋಗದು. ಒಮ್ಮೆ ಆರಿಸಿ ಮುಗಿಸಿದ ಮೇಲೆ ಮತ್ತೆ ಅಗೆಯುವ ಕೆಲಸವಿಲ್ಲ. ಮಡಿಯ ಮೇಲೆ ಕಾಲಿಡುವುದೂ ಇಲ್ಲ.

ಮಾರ್ಚ್–ಏಪ್ರಿಲಿನಲ್ಲಿ ಹೊದಿಕೆ ಹಾಸಿ. ಅದಕ್ಕೆ ಬೇಕಾದ ತರಗೆಲೆಯನ್ನು ಜನವರಿಯಿಂದಲೇ ಕೂಡಿಹಾಕಬೇಕು. ಬೀದಿಯ ಹೊಂಗೆ, ಮಳೆಮರ ಎಲೆ ಉದುರಿಸುವ ಆ ಎರಡು ತಿಂಗಳು ಬಿಟ್ಟರೆ ಮತ್ತೆ ಸಿಗದು. ಎಂಟು ಗೋಣಿಚೀಲ ತುಂಬಿಟ್ಟುಕೊಳ್ಳಿ. ನೀಲಗಿರಿ ಎಲೆ ಬೇಡ. ಮಡಿಯ ಜಾಗಕ್ಕೆ ನೀರು ಹಾಯಿಸಿ, ಅಂಗಡಿಯ ರಟ್ಟಿನ ಡಬ್ಬಗಳನ್ನು ಬಿಚ್ಚಿ ಹಾಸಿ. ಅಂಟಿನ ಟೇಪು, ಪಿನ್ನು, ಮಿರುಗುವ ಬಣ್ಣದ ಪದರ ತೆಗೆದಿರಬೇಕು. ಒಂದರ ಮೇಲೊಂದು 6 ಅಂಗುಲ ಹತ್ತಿ ಕೂರಲಿ, ಸಂದು ಬಿಟ್ಟರೆ ಗರಿಕೆ, ಜೇಕು ಅಲ್ಲಿಂದಲೇ ತಲೆ ಎತ್ತುತ್ತವೆ. ರಟ್ಟನ್ನು ಪೂರ್ತಿ ನೆನೆಸಿ. ಅದರ ಮೇಲೆ 2 ಅಂಗುಲ ಹಸಿ ಸೊಪ್ಪು, 6 ಅಂಗುಲ ತರಗೆಲೆ, 2 ಅಂಗುಲ ಕಾಂಪೋಸ್ಟ್. ನಮ್ಮ ಮಡಿಗಳು ಒಟ್ಟು 78 ಚದರಡಿ, ಇದಕ್ಕೆ ಸುಮಾರು 370 ಲೀಟರ್ ಕಾಂಪೋಸ್ಟ್ ಬೇಕು. ತೂಕದಲ್ಲಿ 200 ಕಿಲೋ, ಅಂದರೆ 40 ಕಿಲೋದ ಐದು ಚೀಲ. ವಾರಕ್ಕೆರಡು ಸಲ ನೀರು ಚಿಮುಕಿಸುತ್ತಿದ್ದರೆ ಹತ್ತು ವಾರದಲ್ಲಿ ಕೆಳಗೆ ಎರೆಹುಳು ಸೇರಿರುತ್ತದೆ.

ಇಲ್ಲಿ ಕೆಡುವ ಬಗೆಗಳು ಮೂರು. ಹಸಿ ಸಗಣಿ ಹಾಕುವುದು ಮೊದಲನೆಯದು: ಗೊಣ್ಣೆಹುಳು ಬರುತ್ತದೆ, ಬೇರು ಸುಡುತ್ತದೆ. ಕಪ್ಪಾಗಿ, ವಾಸನೆಯಿಲ್ಲದೆ, ಪುಡಿಯಾಗುವ ಹಳೆ ಕೊಟ್ಟಿಗೆ ಗೊಬ್ಬರವೇ ಆಗಬೇಕು. ಎರಡನೆಯದು, ರಟ್ಟು ಒಣಗಲು ಬಿಡುವುದು: ಗೆದ್ದಲು ಹತ್ತುತ್ತದೆ, ಮಳೆನೀರೂ ಒಳಗಿಳಿಯುವುದಿಲ್ಲ. ಮೂರನೆಯದು, ಹೊದಿಕೆಯನ್ನು ಗಿಡದ ಕಾಂಡಕ್ಕೆ, ಮನೆಯ ಗೋಡೆಗೆ ತಾಗಿಸುವುದು. ಕಾಂಡದಿಂದ ನಾಲ್ಕು ಬೆರಳು, ಗೋಡೆಯಿಂದ 1 ಅಡಿ ಬಿಡಿ.

ಜೀವಾಮೃತ ಬಳಸುವವರಿಗೆ ಮನೆಯಳತೆ: 10 ಲೀಟರ್ ನೀರಿಗೆ ಅರ್ಧ ಕಿಲೋ ನಾಟಿ ಹಸುವಿನ ಸಗಣಿ, ಕಾಲರಿಂದ ಅರ್ಧ ಲೀಟರ್ ಗಂಜಲ, 100 ಗ್ರಾಂ ಕಪ್ಪು ಬೆಲ್ಲ, 100 ಗ್ರಾಂ ಕಡಲೆ ಹಿಟ್ಟು, ಒಂದು ಹಿಡಿ ಮಣ್ಣು. ನೆರಳಲ್ಲಿಟ್ಟು ದಿನಕ್ಕೆರಡು ಸಲ ಕೋಲಿನಿಂದ ತಿರುಗಿಸಿ. ಎರಡು ದಿನಕ್ಕೆ ಸಿದ್ಧ, ಒಂದು ವಾರದೊಳಗೆ ಮುಗಿಸಿ, ಹತ್ತು ಪಾಲು ನೀರು ಬೆರೆಸಿ ಬುಡಕ್ಕೆ ಹಾಕಿ. ಇದು ಗೊಬ್ಬರವಲ್ಲ, ಸೂಕ್ಷ್ಮಜೀವಿಗಳ ಹೆಪ್ಪು. ಹಾಲೇ ಇಲ್ಲದಿದ್ದರೆ ಹೆಪ್ಪು ಹಾಕಿ ಏನು ಪ್ರಯೋಜನ? ಹೊದಿಕೆ, ಕಾಂಪೋಸ್ಟ್ ಇರುವ ಮಣ್ಣಿಗಷ್ಟೇ ಅದರಿಂದ ಲಾಭ.

ದಾರಿ, ಮಡಿ, ಚಪ್ಪರ

ಮನೆಗೋಡೆಯ ಪಕ್ಕ 2 ಅಡಿ ಕಲ್ಲುಹಾಸು ಹಾಗೆಯೇ ಇರಲಿ. ಅದಾದ ಮೇಲೆ 4 ಅಡಿ ಅಗಲ, 12 ಅಡಿ ಉದ್ದದ ನಡುಮಡಿ. ಎರಡೂ ಬದಿಯಿಂದ ಕೈಚಾಚಿದರೆ ನಡುವಿಗೆ ಮುಟ್ಟುವ ಅಗಲ ಇಷ್ಟೇ. 5 ಅಡಿ ಮಾಡಿದವರು ಒಂದಲ್ಲ ಒಂದು ದಿನ ಒಳಗೆ ಕಾಲಿಡುತ್ತಾರೆ. ಆಮೇಲೆ ಒಂದೂವರೆ ಅಡಿ ಇಂಗುದಾರಿ, ಕೊನೆಗೆ ಕಾಂಪೌಂಡಿನ ಪಕ್ಕ ಎರಡೂವರೆ ಅಡಿಯ ಬಳ್ಳಿಮಡಿ. ಪೂರ್ವದ ತುದಿಯ 3 ಅಡಿಯಲ್ಲಿ, ಅಡುಗೆಮನೆ ಬಾಗಿಲಿಗೆ ಹತ್ತಿರವಾಗಿ ಕರಿಬೇವು, ಪುದೀನ, ದೊಡ್ಡಪತ್ರೆ, ಡ್ರಮ್ಮು, ಕಾಂಪೋಸ್ಟ್ ಮಡಕೆ. ದಿನಕ್ಕೆ ಮೂರು ಸಲ ಬೇಕಾಗುವುದು ಬಾಗಿಲ ಬಳಿ, ತಿಂಗಳಿಗೊಮ್ಮೆ ನೋಡುವ ಬಾಳೆ ದೂರದಲ್ಲಿ. ಒಲೆಯ ಮೇಲೆ ಎಣ್ಣೆ ಕಾಯುವಾಗ ಕರಿಬೇವಿಗೆ ಇಪ್ಪತ್ತು ಹೆಜ್ಜೆ ಹೋಗಬೇಕಾದರೆ ಯಾರೂ ಹೋಗುವುದಿಲ್ಲ.

ಚಪ್ಪರಕ್ಕೆ ಆರೂವರೆ ಅಡಿ ಎತ್ತರದ ನಾಲ್ಕು ಕಂಬ, 4 ಅಡಿಗೊಂದು. ಜಿಐ ಪೈಪು ಅಥವಾ ಬಿದಿರು. ಬಿದಿರಾದರೆ ಮಣ್ಣೊಳಗಿನ ಭಾಗಕ್ಕೆ ಟಾರು ಹಚ್ಚಿ. ಡಿಸೆಂಬರಿನಲ್ಲಿ ಇದರ ನೆರಳು 4.8 ಅಡಿ. ಬಳ್ಳಿಮಡಿ, ದಾರಿ ದಾಟಿ ನಡುಮಡಿಯ ಅಂಚನ್ನು ಮುಕ್ಕಾಲು ಅಡಿ ಮುಟ್ಟುತ್ತದೆ. ಆ ಅಂಚಿನಲ್ಲಿ ಸೊಪ್ಪು ಬಿತ್ತಿದರೆ ಆಯಿತು. ಏಳೂವರೆ ಅಡಿಗೆ ಏರಿಸಿದರೆ ಮಾತ್ರ ಮೆಣಸಿನಗಿಡ ಸೊರಗುತ್ತದೆ.

ತಾರಸಿಯ ಮೇಲೆ ಇದನ್ನೇ ಮಾಡಲು ಹೊರಟವರಿಗೆ ಒಂದು ಎಚ್ಚರಿಕೆ: 1 ಅಡಿ ದಪ್ಪದ ಒದ್ದೆ ಮಣ್ಣು ಚದರ ಮೀಟರಿಗೆ 450–500 ಕಿಲೋ ತೂಗುತ್ತದೆ. ಮನೆಯ ತಾರಸಿಯನ್ನು ಸಾಮಾನ್ಯವಾಗಿ ಲೆಕ್ಕ ಹಾಕುವುದು 150 ಕಿಲೋ ಭಾರಕ್ಕೆ. ಅಲ್ಲಿ ಮಡಿ ಬೇಡ, ತೊಲೆಯ ಮೇಲೆ ಬರುವಂತೆ ಹಗುರ ಚೀಲಗಳಷ್ಟೇ.

ಉಳಿಯುವ ಗಿಡಗಳು

ಇಷ್ಟು ಜಾಗಕ್ಕೆ ಒಂದೇ ಮರ. ಪಪ್ಪಾಯಿ ಅಥವಾ ನುಗ್ಗೆ, ಎರಡೂ ಅಲ್ಲ. ಪಪ್ಪಾಯಿ ಬೇಕಾದರೆ ಬಾಳೆಗುಂಡಿಯ ಏರಿಯ ಹೊರಮೈಯಲ್ಲಿ, ನೀರು ನಿಲ್ಲದ ಎತ್ತರದಲ್ಲಿ ನೆಡಿ. ಬುಡದಲ್ಲಿ ಒಂದು ದಿನ ನೀರು ನಿಂತರೂ ಅದು ಕೊಳೆಯುತ್ತದೆ. ಹೆಸರಘಟ್ಟದ ಭಾರತೀಯ ತೋಟಗಾರಿಕೆ ಸಂಶೋಧನಾ ಸಂಸ್ಥೆಯ ಅರ್ಕಾ ಪ್ರಭಾತ್ ತಳಿಯಲ್ಲಿ ಬರೀ ಗಂಡು ಗಿಡ ಬರುವುದಿಲ್ಲ, ಒಂದೇ ಗಿಡ ಇಡುವವರಿಗೆ ಅದೇ ಸರಿ. ನಾಟಿ ಬೀಜ ಹಾಕಿ ಎಂಟು ತಿಂಗಳು ಕಾದು ಗಂಡುಹೂ ನೋಡುವ ಕಷ್ಟ ಬೇಡ. ನುಗ್ಗೆಯಾದರೆ ಪಿಕೆಎಂ–1 ತಳಿಯ ಬೀಜ ಹಾಕಿ, 3 ಅಡಿ ಎತ್ತರಕ್ಕೆ ಬಂದಾಗ ಕುಡಿ ಚಿವುಟಿ, ಎದೆಯೆತ್ತರದಲ್ಲೇ ಕವಲೊಡೆಸಿ ಸೊಪ್ಪಿಗಾಗಿ ಸವರುತ್ತಿರಿ. ಮಳೆಗಾಲದಲ್ಲಿ ಕಾಂಡಕ್ಕೆ ಗುಂಪಾಗಿ ಅಂಟುವ ಕಂಬಳಿಹುಳುವನ್ನು ಸಹಿಸಲಾಗದವರು ನುಗ್ಗೆಯ ತಂಟೆಗೆ ಹೋಗಬೇಡಿ.

ಬಳ್ಳಿಯಲ್ಲಿ ಬಸಳೆ ಮತ್ತು ತೊಂಡೆ, ಚಪ್ಪರದ ಆ ತುದಿಗೊಂದು ಈ ತುದಿಗೊಂದು. ತೊಂಡೆಗೆ ಬೀಜ ಹಾಕಬೇಡಿ. ತೊಂಡೆಯಲ್ಲಿ ಗಂಡು ಬಳ್ಳಿ, ಹೆಣ್ಣು ಬಳ್ಳಿ ಬೇರೆಬೇರೆ. ಕಾಯಿ ಬಿಡುತ್ತಿರುವ ಬಳ್ಳಿಯಿಂದಲೇ 1 ಅಡಿ ಉದ್ದದ, ಪೆನ್ಸಿಲ್ ದಪ್ಪದ, ಮೂರ್ನಾಲ್ಕು ಗೆಣ್ಣಿನ ತುಂಡು ತಂದು, ಎರಡು ಗೆಣ್ಣು ಮಣ್ಣೊಳಗೆ ಹೋಗುವಂತೆ ಓರೆಯಾಗಿ ಊರಿ. ಬಸಳೆಯೂ ಹೀಗೆಯೇ. ಚಕ್ರಮುನಿಯ ಮೂರು ಕಡ್ಡಿ ಬೇಲಿಯಂತೆ ಪಶ್ಚಿಮದ ಅಂಚಿಗಿರಲಿ. ಅದನ್ನು ಬೇಯಿಸಿ ತಿನ್ನಿ, ಹಸಿ ರಸ ಕುಡಿಯುವ ಚಾಳಿ ಬೇಡ. 1990ರ ದಶಕದಲ್ಲಿ ತೈವಾನಿನಲ್ಲಿ ತೂಕ ಇಳಿಸಲೆಂದು ಇದರ ಹಸಿ ರಸವನ್ನು ದಿನವೂ ಕುಡಿದವರಿಗೆ ಶ್ವಾಸಕೋಶ ಹಾನಿಯಾಗಿತ್ತು. ಕೆಸುವಿನ ತುರಿಕೆಗೆ ಹುಣಸೆಹುಳಿ ಹಾಕಿ ಚೆನ್ನಾಗಿ ಬೇಯಿಸುವುದು ಪತ್ರೊಡೆ ಮಾಡುವವರಿಗೆ ಹೇಳಬೇಕಾದ್ದಲ್ಲ.

ನೆಡಲು ಹದ ಕಾಲ ಭರಣಿಯಿಂದ ರೋಹಿಣಿ ಮಳೆಯ ತನಕ, ಅಂದರೆ ಏಪ್ರಿಲ್ ಕೊನೆಯಿಂದ ಜೂನ್ ಮೊದಲ ವಾರದವರೆಗೆ. ಭರಣಿ ಮಳೆ ಬಂದರೆ ಧರಣಿಯೆಲ್ಲ ಬೆಳೆ ಎನ್ನುವ ಮಾತು ಹಿತ್ತಿಲಿಗೂ ಸಲ್ಲುತ್ತದೆ. ಬೇಸಿಗೆಯ ಕಾವು ಒಡೆದು, ಮುಂಗಾರಿಗೆ ಮೊದಲು ಬೇರು ಕಚ್ಚಲು ಮೂರು ವಾರ ಸಿಗುತ್ತದೆ.

ನಡುಮಡಿಯ ಮೂರು ಪಾಲು

48 ಚದರಡಿಯನ್ನು 4×4ರ ಮೂರು ಪಾಲು ಮಾಡಿ. ಒಂದರಲ್ಲಿ ಸೊಪ್ಪು, ಒಂದರಲ್ಲಿ ಕಾಳಿನ ಜಾತಿ, ಒಂದರಲ್ಲಿ ಬದನೆ–ಮೆಣಸು–ಟೊಮೆಟೊ. ಪ್ರತಿ ಹಂಗಾಮಿಗೆ ಒಂದೊಂದು ಪಾಲು ಮುಂದಕ್ಕೆ ಸರಿಯಲಿ. ಬದನೆ, ಟೊಮೆಟೊ ಒಂದೇ ಕುಲದವು. ಅಲ್ಲೇ ಮತ್ತೆ ಮತ್ತೆ ನೆಟ್ಟರೆ ಸೊರಗು ರೋಗ, ಬೇರುಗಂಟಿನ ಜಂತು ನೆಲೆಯೂರುತ್ತವೆ. ಮೂಲೆಗಳಲ್ಲಿ ಒಂದೊಂದು ಚೆಂಡುಹೂವಿನ ಗಿಡ ಇರಲಿ.

ಸೊಪ್ಪಿನ ಪಾಲನ್ನು ಇನ್ನೂ ಎರಡು ಸೀಳಿ, 15 ದಿನಕ್ಕೊಂದು ಬಿತ್ತನೆ. ಒಂದೇ ದಿನ ಎಲ್ಲ ಬಿತ್ತಿದರೆ ಒಂದು ವಾರ ಹರಿವೆ ಹಂಚಲು ಬೀದಿ ಸುತ್ತಬೇಕು, ಆಮೇಲೆ ಒಂದು ತಿಂಗಳು ಅಂಗಡಿಗೆ ಹೋಗಬೇಕು. ಹರಿವೆ ಬೀಜ ಎರಡು ಚಿಟಿಕೆ, ಎರಡು ಹಿಡಿ ಒಣ ಮರಳು ಬೆರೆಸಿ ಚೆಲ್ಲಿ, ತೆಳುವಾಗಿ ಕಾಂಪೋಸ್ಟ್ ಉದುರಿಸಿ, ಒದ್ದೆ ಗೋಣಿ ಮುಚ್ಚಿ. ಮೂರು–ನಾಲ್ಕು ದಿನಕ್ಕೆ ಮೊಳಕೆ ಕಂಡ ಸಂಜೆಯೇ ಗೋಣಿ ತೆಗೆಯಬೇಕು, ಒಂದು ದಿನ ತಡವಾದರೂ ಸಸಿ ಬಿಳಿಚಿ ಬಗ್ಗುತ್ತದೆ. ಬಿತ್ತಿದ ಬೀಜ ಏಳಲೇ ಇಲ್ಲ ಎನ್ನುವವರು ಇರುವೆ ಸಾಲು ನೋಡಿರುವುದಿಲ್ಲ. ಮಡಿಯ ಅಂಚಿಗೆ ಒಂದು ಹಿಡಿ ರವೆ ಉದುರಿಸಿ, ಇರುವೆ ಅದನ್ನು ಹೊರುವಷ್ಟರಲ್ಲಿ ಬೀಜ ಮೊಳೆತಿರುತ್ತದೆ. ಕೊತ್ತಂಬರಿಯನ್ನು ಚಪ್ಪಲಿಯಡಿ ಮೆಲ್ಲಗೆ ಉಜ್ಜಿ ಎರಡು ಹೋಳು ಮಾಡಿ ಬಿತ್ತಬೇಕು, ಎಂಟು–ಹತ್ತು ದಿನ ಕಾಯಬೇಕು. ಹರಿವೆ 25–30 ದಿನ, ಮೆಂತ್ಯ 20–25, ಕೊತ್ತಂಬರಿ 40–45.

ಕಾಳಿನ ಪಾಲಿಗೆ ಜೂನಿನಲ್ಲಿ ಅಲಸಂದೆ ಅಥವಾ ಅರ್ಕಾ ಕೋಮಲ್ ಹುರುಳಿಕಾಯಿ. ಸೊಗಡಿನ ನಾಟಿ ಅವರೆ ಮಾತ್ರ ಹಗಲು ಚಿಕ್ಕದಾಗುವ ತನಕ ಹೂ ಬಿಡುವುದಿಲ್ಲ. ಅದನ್ನು ಜುಲೈ–ಆಗಸ್ಟಿನಲ್ಲಿ ಹಾಕಿ, ಧನುರ್ಮಾಸಕ್ಕೆ ಕಾಯಿ ಕೀಳಿ. ಫೆಬ್ರವರಿಯಲ್ಲಿ ಹಾಕಿದವರಿಗೆ ಸಿಗುವುದು ಬರೀ ಎಲೆ. ಕೊಯ್ಲಾದ ಮೇಲೆ ಕಾಳಿನ ಗಿಡವನ್ನು ಬುಡದಲ್ಲಿ ಕತ್ತರಿಸಿ, ಕೀಳಬೇಡಿ. ಬೇರಿನ ಗಂಟುಗಳಲ್ಲಿರುವ ಸಾರಜನಕ ಮುಂದಿನ ಬೆಳೆಗೆ.

ಮೂರನೇ ಪಾಲಿನಲ್ಲಿ ಎರಡು ಬದನೆ, ನಾಲ್ಕು ಮೆಣಸು, ಎರಡು ಟೊಮೆಟೊ. ಅಷ್ಟೇ. ಹತ್ತು ಸಸಿ ತುರುಕಿದರೆ ಎಂಟರ ಕಾಯಿಯೂ ಸಿಗದು. ಟೊಮೆಟೊದಲ್ಲಿ ಅರ್ಕಾ ರಕ್ಷಕ್ ತಳಿ ಎಲೆಮುದುಡು ನಂಜು, ಸೊರಗು ರೋಗ, ಎಲೆಚುಕ್ಕೆ ಮೂರನ್ನೂ ತಡೆಯುತ್ತದೆ. ಹೈಬ್ರಿಡ್ ಆದ್ದರಿಂದ ಅದರ ಬೀಜ ಎತ್ತಿಡಬೇಡಿ.

ಇಷ್ಟಕ್ಕೆಲ್ಲ ನೀರೆಷ್ಟು? ಏಪ್ರಿಲಿನ ಬಿಸಿಲಲ್ಲಿ ಈ ಮಡಿಗಳಿಗೆ ದಿನಕ್ಕೆ ಸುಮಾರು 36 ಲೀಟರ್, ಅಂದರೆ ಎರಡು ಬಕೆಟ್. ಹೊದಿಕೆ ದಪ್ಪಗಿದ್ದರೆ ಅದೂ ಬೇಡ. ಬೆರಳನ್ನು ಎರಡು ಗೆಣ್ಣಿನಷ್ಟು ಮಣ್ಣಿಗಿಳಿಸಿ, ತಂಪು ತಾಗಿದರೆ ಆ ದಿನ ನೀರು ಹಾಕಬೇಡಿ. ದಿನವೂ ಸಂಜೆ ಪೈಪು ಹಿಡಿದು ಚಿಮುಕಿಸುವುದರಿಂದ ಬೇರು ಮೇಲ್ಮೈಯಲ್ಲೇ ಹರಡಿ, ಊರಿಗೆ ಹೋದ ನಾಲ್ಕು ದಿನದಲ್ಲಿ ಗಿಡ ಬಾಡುತ್ತದೆ.

ಹುಳು, ಶಂಖದಹುಳು, ಹೆಗ್ಗಣ

ಅಲಸಂದೆ ಕುಡಿಗೆ ಕಪ್ಪು ಹೇನು ಕಂಡೊಡನೆ ಬೇವಿನೆಣ್ಣೆ ಹುಡುಕಬೇಡಿ. ಗುಲಗಂಜಿ ಹುಳು, ಅದರ ಮೊಸಳೆಯಾಕಾರದ ಮರಿ ಬರಲು ಒಂದು ವಾರ ಕೊಡಿ, ಅಷ್ಟರವರೆಗೆ ನೀರು ಜೋರಾಗಿ ಹೊಡೆದು ಉದುರಿಸಿ. ಬಿಳಿ ಹಿಟ್ಟುತಿಗಣೆಯ ಜೊತೆ ಇರುವೆ ಓಡಾಡುತ್ತಿದ್ದರೆ ಮೊದಲು ಇರುವೆಯ ದಾರಿ ಕಡಿಯಬೇಕು, ಸಿಹಿ ಸ್ರಾವದ ಆಸೆಗೆ ಅದೇ ತಿಗಣೆಗೆ ಕಾವಲು. ಮೆಣಸಿನ ಎಲೆ ದೋಣಿಯಂತೆ ಮೇಲಕ್ಕೆ ಮುದುಡಿದರೆ ನುಸಿ (ಥ್ರಿಪ್ಸ್), ಕೆಳಕ್ಕೆ ಮುದುಡಿದರೆ ಮೈಟ್. ಎರಡಕ್ಕೂ ಲೀಟರ್ ನೀರಿಗೆ 5 ಮಿ.ಲೀ. ಬೇವಿನೆಣ್ಣೆ, 1 ಮಿ.ಲೀ. ಸೋಪು ದ್ರಾವಣ, ಎಲೆಯ ಅಡಿಗೆ, ಸಂಜೆ, ವಾರಕ್ಕೊಮ್ಮೆ ಮೂರು ಸಲ. ಬಿಸಿಲಲ್ಲಿ ಹೊಡೆದರೆ ಎಲೆ ಸುಡುತ್ತದೆ.

ಮಳೆಗಾಲದ ದೊಡ್ಡ ಶತ್ರು ಆಫ್ರಿಕದ ದೈತ್ಯ ಶಂಖದಹುಳು. ಒಂದೇ ರಾತ್ರಿಯಲ್ಲಿ ಸೊಪ್ಪಿನ ಮಡಿ ಬೋಳು. ಹೊದಿಕೆಯ ತೋಟದಲ್ಲಿ ಅದಕ್ಕೆ ಅಡಗಲು ಜಾಗ ಹೆಚ್ಚು, ಇದು ಈ ಪದ್ಧತಿಯ ನಿಜವಾದ ಕೊರತೆ, ಮುಚ್ಚಿಡುವುದು ಬೇಡ. ಸಂಜೆ ಒದ್ದೆ ಗೋಣಿಯಡಿ ಪಪ್ಪಾಯಿ ಎಲೆ ಇಟ್ಟು, ಬೆಳಗಿನ ಜಾವ ಕೈಗವಸು ಹಾಕಿ ಆರಿಸಿ ಉಪ್ಪುನೀರಿನ ಬಕೆಟ್ಟಿಗೆ ಹಾಕಿ. ಬರಿಗೈಲಿ ಮುಟ್ಟಬಾರದು, ಮೆದುಳಿಗೆ ತೊಂದರೆ ಕೊಡುವ ಪರಾವಲಂಬಿ ಹುಳ ಅದರಲ್ಲಿರಬಹುದು. ಜೂನ್–ಜುಲೈಯಲ್ಲಿ ಸೊಪ್ಪಿನ ಪಾಲಿನ ಹೊದಿಕೆ ಮಾತ್ರ ಸರಿಸಿಡಿ. ಹೆಗ್ಗಣ ಗಲ್ಲಿಯಿಂದ ಬರುವುದು ಅನ್ನ–ಸಾರಿನ ವಾಸನೆಗೆ. ಬೇಯಿಸಿದ್ದನ್ನು ಮುಚ್ಚಳವಿರುವ ಮಡಕೆಗೆ ಹಾಕಿ, ಗುಂಡಿಗೆ ಎಸೆಯಬೇಡಿ. ಮಡಕೆ ನಾರಿದರೆ ತರಗೆಲೆ ಸಾಲದಾಗಿದೆ: ಒಂದು ಪಾಲು ಹಸಿಗೆ ಎರಡು ಪಾಲು ಒಣದು.

ಕರಾವಳಿ, ಮಲೆನಾಡಿನವರು ಮಡಿಯನ್ನು 1 ಅಡಿ ಎತ್ತರಿಸಿ, ಗುಂಡಿಯ ಬದಲು ದಿಬ್ಬ ಮಾಡಿ, ತರಕಾರಿಯನ್ನು ಮಳೆ ಮುಗಿದ ಮೇಲೆ ಶುರುಮಾಡಿ. ರಾಯಚೂರು, ಕಲಬುರಗಿ ಕಡೆ ತದ್ವಿರುದ್ಧ: ಮಡಿ ನೆಲಕ್ಕಿಂತ 4 ಅಂಗುಲ ತಗ್ಗಿರಲಿ, ಮಾರ್ಚಿನಿಂದ ಮೇ ತನಕ 50 ಶೇಕಡಾ ನೆರಳುಬಲೆ ಕಟ್ಟಿ.

ಬಾಳೆ ಗೊನೆ ಬರುವುದು 12–13 ತಿಂಗಳಿಗೆ. ಅಷ್ಟರೊಳಗೆ ಬುಡದಲ್ಲಿ ಆರೇಳು ಕಂದು ಎದ್ದಿರುತ್ತವೆ. ತಾಯಿಗೆ ಒಂದೇ ಮಗಳು ಎಂದು ಉಳಿಸಿ, ಮಿಕ್ಕವನ್ನು ನೆಲಮಟ್ಟಕ್ಕೆ ಕೊಯ್ದುಬಿಡಿ. ಗೊನೆ ಇಳಿಸಿದ ದಿನ ದಿಂಡಿನ ಒಳತಿರುಳನ್ನು ಪಲ್ಯಕ್ಕೆ ತೆಗೆದುಕೊಂಡು, ಹೊರಪಟ್ಟೆಯನ್ನು ಗೇಣುದ್ದ ಕತ್ತರಿಸಿ ಅದೇ ಗುಂಡಿಗೆ ಬೋರಲು ಹಾಕಿ. ಅಂಗಾತ ಹಾಕಿದರೆ ಪಟ್ಟೆಯಲ್ಲಿ ನೀರು ನಿಂತು ಸೊಳ್ಳೆಯಾಗುತ್ತದೆ.